ಕಛೇರಿ ಕೇಳಿ ರೂಢಿಯಿಲ್ಲದ ಊರಿನಲ್ಲಿ ಪಿಟೀಲು ನುಡಿಸುವುದು ಹೇಗೆ?

ಶಿರಸಿಯ ಪಿಟೀಲು ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತು ಈಗ ಊರಿಗೆ ಮರಳಿದ್ದೇನೆ. ಹಾಸಣಗಿಯ ಗಣಪತಿ ಭಟ್ಟರಂಥ ಗಾಯಕರನ್ನು ಕೊಟ್ಟ ನಮ್ಮ ಘಟ್ಟದ ಮೇಲಿನ ಸೀಮೆಯಲ್ಲಿ ಹಿಂದೂಸ್ತಾನಿ ಬೈಠಕ್ಕುಗಳಿಗೆ ಕೇಳುಗರ ಕೊರತೆಯಿಲ್ಲ. ಆದರೆ ಮುಂದಿನ ತಿಂಗಳು ಕುಮಟಾ ಮತ್ತು ಅಂಕೋಲೆಯ ನಡುವಿನ ಒಂದು ಊರಿನ ದೇವಸ್ಥಾನದ ವರ್ಧಂತಿಯಲ್ಲಿಯೂ, ಮರುದಿನ ಅಲ್ಲಿಯ ಪ್ರೌಢಶಾಲೆಯಲ್ಲಿಯೂ ನುಡಿಸಲು ನನ್ನನ್ನು ಕರೆದಿದ್ದಾರೆ. ಪಿಟೀಲಿನ ಕಛೇರಿ ಅಲ್ಲಿ ಇದುವರೆಗೆ ನಡೆದಿಲ್ಲವಂತೆ. ಆಲಾಪನೆ ಉದ್ದವಾದರೆ ಜನ ಎದ್ದು ಹೋಗುತ್ತಾರೆ, ಸಿನಿಮಾ ಹಾಡುಗಳನ್ನೇ ನುಡಿಸಿ ಎಂದು ವ್ಯವಸ್ಥಾಪಕರು ಪ್ರೀತಿಯಿಂದಲೇ ಹೇಳಿದ್ದಾರೆ. ಒಂದು ರಾಗವನ್ನಾದರೂ ಅರ್ಧ ಗಂಟೆ ಹಿಡಿದು ನುಡಿಸಬೇಕೆಂಬುದು ನನ್ನ ಆಸೆ. ರಾಗವನ್ನು ತೆಳುವಾಗಿಸದೆ ಅವರನ್ನು ಕೂರಿಸಿಕೊಳ್ಳುವ ದಾರಿಯನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಹೊನ್ನಾವರದ ಹಿರಿಯ ಕೇಳುಗ:

ತಂಗಿ, ಆ ಊರಿನವರು ರಾಗಕ್ಕೆ ಹೊಸಬರೆಂದು ಮೊದಲೇ ಎಣಿಸಬೇಡಿ. ಬೆಳಗಾಗುವವರೆಗೆ ಯಕ್ಷಗಾನದ ಆಟ ನೋಡುತ್ತ ಬಂದ ಜನ ಅವರು. ಮೋಹನ, ಭೈರವಿ, ಕಾಂಬೋಧಿ, ಮಧ್ಯಮಾವತಿಗಳನ್ನು ಭಾಗವತರ ಕಂಠದಲ್ಲಿ ಚಿಕ್ಕಂದಿನಿಂದ ಕೇಳಿದ್ದಾರೆ. ಹೆಸರು ಹೇಳಲಾರದವರೂ ಪದ್ಯದ ಭಾವಕ್ಕೆ ರಾಗ ಹೊಂದದಿದ್ದರೆ ಕೂಡಲೇ ಗುರುತಿಸುತ್ತಾರೆ. ಅವರಿಗೆ ಹೊಸದು ಕಛೇರಿಯ ಕ್ರಮ: ಕಥೆಯಿಲ್ಲ, ವೇಷವಿಲ್ಲ, ಕೃತಿಯ ಮಾತು ತೆಲುಗಿನಲ್ಲೋ ಸಂಸ್ಕೃತದಲ್ಲೋ ಇರುತ್ತದೆ, ಪಿಟೀಲಿನಲ್ಲಿ ಅದೂ ಕೇಳಿಸುವುದಿಲ್ಲ. ಆದ್ದರಿಂದ ಬದಲಿಸಬೇಕಾದದ್ದು ಆ ಕ್ರಮವನ್ನು, ರಾಗವನ್ನಲ್ಲ.

ಆ ಕಡೆಯ ಭಾಗವತರೊಬ್ಬರನ್ನು ಮದ್ದಳೆಯವರೊಡನೆ ಕರೆಸಿ, ಮೋಹನದಲ್ಲಿ ಒಂದೇ ಒಂದು ಪದ್ಯ ಹಾಡಿಸಿ. ಅವರು ಹಾಡುವಾಗ ನೀವು ಹಿಂಬಾಲಿಸಬೇಡಿ, ಸುಮ್ಮನೆ ಕೇಳಿ. ಪದ್ಯ ಮುಗಿದು ಮದ್ದಳೆ ನಿಂತ ಮೇಲೆ ಅದೇ ರಾಗವನ್ನು ಕೆಳಗಿನ ಷಡ್ಜದಿಂದ ನಿಧಾನವಾಗಿ ಎತ್ತಿಕೊಳ್ಳಿ. ಕಿವಿಯಲ್ಲಿ ಆಗಲೇ ಕುಳಿತಿರುವ ರಾಗವು ಮಾತಿಲ್ಲದೆ ಬೆಳೆಯುವುದನ್ನು ಅವರು ಖಂಡಿತ ಕೇಳುತ್ತಾರೆ, ಅರ್ಧ ಗಂಟೆಯೂ ಕೇಳುತ್ತಾರೆ. ಒಂದು ಎಚ್ಚರಿಕೆಯ ಮಾತು: ಯಕ್ಷಗಾನದ ಮೋಹನಕ್ಕೆ ಅದರದೇ ಮಟ್ಟು, ಅದರದೇ ಎಳೆತವಿದೆ. ನಿಮ್ಮ ಪಾಠದ ಅಳತೆಯಿಂದ ಅದನ್ನು ತಿದ್ದುವ ಧ್ವನಿ ಎಲ್ಲಿಯೂ ಬರಬಾರದು. ಬಳಿಕ ದಾಸರ ಪದಗಳನ್ನು ಆರಿಸಿಕೊಂಡು, ನುಡಿಸುವ ಮುನ್ನ ಪಲ್ಲವಿಯನ್ನು ಒಮ್ಮೆ ಬಾಯಲ್ಲಿ ಹೇಳಿ.

ಅಂಕೋಲೆಯ ಶಿಕ್ಷಕಿ:

ಶಾಲೆಯ ಮಟ್ಟಿಗೆ ನನ್ನ ಸಲಹೆ. ವೇದಿಕೆ, ಮೈಕು ಯಾವುದೂ ಬೇಡ. ಒಂದೊಂದೇ ತರಗತಿಯ ಮಕ್ಕಳನ್ನು ಸುತ್ತ ನೆಲದ ಮೇಲೆ ಕೂರಿಸಿ, ಎಡಗೈಯ ಬೆರಳುಗಳು ಅವರ ಕಣ್ಣಿಗೆ ಕಾಣುವಂತಿರಲಿ. ಮೋಹನದ ಐದು ಸ್ವರಗಳನ್ನು ಮೊದಲು ಸಪಾಟಾಗಿ, ಆಮೇಲೆ ಗಮಕ, ಅಂದರೆ ಸ್ವರದ ತೂಗಾಟ, ಸೇರಿಸಿ ನುಡಿಸಿ, ಏನು ಬದಲಾಯಿತೆಂದು ಅವರನ್ನೇ ಕೇಳಿ. ಇದು ವಿದೇಶದ ವಾದ್ಯವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಕ್ಕದ ಗೋವೆಯ ಇಗರ್ಜಿಗಳಲ್ಲಿ ಹಿಡಿಯುವಂತೆ ಭುಜಕ್ಕೆ ಆನಿಸಿ ಒಮ್ಮೆ ತೋರಿಸಿ. ಬಳಿಕ ಕುಳಿತು, ಪಿಟೀಲಿನ ತಲೆಯ ಸುರುಳಿಯನ್ನು ಬಲಪಾದದ ಮೇಲೆ ಊರಿ, ಹೀಗೆ ಊರಿದ್ದರಿಂದಲೇ ಕೈ ತಂತಿಯ ಮೇಲೆ ಸಲೀಸಾಗಿ ಜಾರುತ್ತದೆಂದು ತೋರಿಸಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರು (1786–1858) ಇದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಕಥೆಗೆ ಎರಡು ವಾಕ್ಯ ಸಾಕು. ಕೊನೆಗೆ ಅದೇ ರಾಗದ ಛಾಯೆಯಿರುವ ಒಂದು ಸಿನಿಮಾ ಹಾಡು ನುಡಿಸಿದರೆ ತಪ್ಪೇನಿಲ್ಲ. ರಾಗವನ್ನು ಗುರುತಿಸಿದ ಸಂತೋಷ ಮಕ್ಕಳಿಗೆ ಸಿಗುತ್ತದೆ.

ಕಾರವಾರದ ಪಿಟೀಲು ಮಾಸ್ತರು:

ಅಕ್ಕೋರ ಮಾತು ಶಾಲೆಗೆ ಸರಿ, ದೇವಸ್ಥಾನಕ್ಕೆ ನಾನು ಒಪ್ಪಲಾರೆ. ಅಲ್ಲಿ ಒಮ್ಮೆ ಸಿನಿಮಾ ಹಾಡು ಆರಂಭವಾದರೆ ಚೀಟಿಗಳ ಮೇಲೆ ಚೀಟಿ ಬರುತ್ತವೆ, ರಾಗಕ್ಕೆ ಮರಳುವುದು ಕಷ್ಟ.

ನಾನು ಹೆಚ್ಚು ಚಿಂತಿಸುವುದು ನಾದದ ಬಗ್ಗೆ. ಮೈಕು ಇನ್ನೂ ಎಲ್ಲೆಡೆ ಬಾರದಿದ್ದ ಕಾಲದಲ್ಲಿ ತಿರುಮಕೂಡಲು ಚೌಡಯ್ಯನವರು (1895–1967) ಹಿಂದಿನ ಸಾಲಿನವರಿಗೂ ಕೇಳಿಸಬೇಕೆಂದು ಏಳು ತಂತಿಯ ಪಿಟೀಲನ್ನೇ ರೂಪಿಸಿಕೊಂಡರು. ನಮಗೆ ಇಂದು ಮೈಕು ಇದೆ, ಆದರೆ ಭಜನೆಗೋ ಭಾಷಣಕ್ಕೋ ಕೂಡಿಸಿಟ್ಟ ಮೈಕು ಪಿಟೀಲನ್ನು ಕೀರಲು ಮಾಡುತ್ತದೆ. ಮೊದಲ ಸಲ ಕೇಳುವವರು ಆ ಕೀರಲನ್ನೇ ಪಿಟೀಲಿನ ಸ್ವಭಾವವೆಂದು ತಿಳಿದು ಎದ್ದು ಹೋದರೆ ತಪ್ಪು ಅವರದಲ್ಲ. ಒಂದು ಗಂಟೆ ಮೊದಲೇ ಹೋಗಿ, ಎಕೋ ಪೂರ್ತಿ ತೆಗೆಸಿ, ಮೈಕನ್ನು ಪಿಟೀಲಿನ ಕುದುರೆಯಿಂದ (ತಂತಿಗಳನ್ನು ಹೊತ್ತ ಮರದ ತುಂಡು) ಒಂದು ಗೇಣು ಮೇಲೆ ನಿಲ್ಲಿಸಿ, ಯಾರನ್ನಾದರೂ ಹಿಂದಿನ ಸಾಲಿನಲ್ಲಿ ಕೂರಿಸಿ ಕೇಳಿಸಿ. ಘಟ್ಟ ಇಳಿದರೆ ಗಾಳಿಯ ತೇವ ಬೇರೆ. ಕಮಾನಿನ ಕೂದಲು ಸಡಿಲವಾಗುತ್ತದೆ, ತಂತಿ ಬಿಗಿಯುವ ಬಿರಡೆ ಉಬ್ಬಿ ಬಿಗಿಯಾಗುತ್ತದೆ. ಪೆಟ್ಟಿಗೆಯನ್ನು ಬೇಗ ತೆರೆದಿಟ್ಟು, ಆಮೇಲೆ ಶ್ರುತಿ ಕೂಡಿಸಿಕೊಳ್ಳಿ.

ಶಿರಸಿಯ ಪಿಟೀಲು ವಿದ್ಯಾರ್ಥಿನಿ:

ಮೂವರಿಗೂ ಮನಃಪೂರ್ವಕ ವಂದನೆಗಳು. ದೇವಸ್ಥಾನದಲ್ಲಿ ಭಾಗವತರ ಪದ್ಯ, ಮೋಹನ ಮತ್ತು ದಾಸರ ಪದಗಳಷ್ಟೇ ಎಂದು ನಿಶ್ಚಯಿಸಿ ವ್ಯವಸ್ಥಾಪಕರಿಗೆ ತಿಳಿಸಿದ್ದೇನೆ; ಸಿನಿಮಾ ಹಾಡು ಶಾಲೆಗೆ ಮಾತ್ರ. ಮಾಸ್ತರೇ, ಒಂದು ಸಂಶಯ ಉಳಿದಿದೆ: ಭಾಗವತರ ಶ್ರುತಿ ನನ್ನದಕ್ಕಿಂತ ಎತ್ತರವಿದ್ದರೆ ಏನು ಮಾಡಲಿ?

ಕಾರವಾರದ ಪಿಟೀಲು ಮಾಸ್ತರು:

ಅವರ ಮದ್ದಳೆ ಅವರ ಶ್ರುತಿಗೆ ಕೂಡಿರುತ್ತದೆ, ಆದ್ದರಿಂದ ಏರಬೇಕಾದವರು ನೀವೇ. ಈಗಲೇ ಫೋನಿನಲ್ಲಿ ಅವರ ಶ್ರುತಿ ಕೇಳಿಕೊಂಡು, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತಂತಿ ಏರಿಸುತ್ತ ಆ ಎತ್ತರದಲ್ಲಿಯೇ ಸಾಧನೆ ಮಾಡಿ. ತೀರ ಎತ್ತರವಾದರೆ ತೆಳುವಾದ ತಂತಿ ಹಾಕಿಕೊಳ್ಳಿ, ಬದಲಿ ತಂತಿಯೂ ಜೊತೆಯಲ್ಲಿರಲಿ.