ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು: ಕಪ್ಪು-ಬಿಳುಪಿನಲ್ಲಿ ಬಂಡೆಯ ವಿವರ ಉಳಿಸುವುದು ಹೇಗೆ?

ಕಡಲತಡಿ (ಪ್ರಶ್ನೆ):
ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸುವ ಪ್ರಯತ್ನದಲ್ಲಿದ್ದೇನೆ. ಬಣ್ಣದಲ್ಲಿ ಚೆನ್ನಾಗಿಯೇ ಕಾಣುವ ಚಿತ್ರ, ಬಣ್ಣ ತೆಗೆದೊಡನೆ ಸಪ್ಪೆಯಾಗುತ್ತದೆ; ಕಂಬಗಳೆಲ್ಲ ಒಂದೇ ಕಪ್ಪು ಮುದ್ದೆಯಾಗಿ ಸೇರಿಕೊಳ್ಳುತ್ತವೆ, ಆಕಾಶ ಬರಿದಾಗಿ ಕಾಣುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸಿದರೆ ನೊರೆಯ ವಿವರವೂ ಹೋಗುತ್ತದೆ. ರಾ ಕಡತದಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ದತ್ತಾಂಶ) ತೆಗೆಯುತ್ತೇನೆ. ಟ್ರೈಪಾಡ್, ಪ್ರತಿಫಲನದ ಹೊಳಪು ತಗ್ಗಿಸುವ ಪೋಲರೈಸರ್ ಮತ್ತು ಬೆಳಕನ್ನು ತಡೆಯುವ ಹತ್ತು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕಿಳಿಯುತ್ತದೆ) ಇವೆ. ದೋಣಿಗಳು ಹಗಲಿನಲ್ಲಿ ಮಾತ್ರ ಓಡಾಡುವುದರಿಂದ ಸೂರ್ಯಾಸ್ತದ ಬೆಳಕು ಸಿಗುವುದಿಲ್ಲ. ಇಷ್ಟರೊಳಗೆ ಏನು ಮಾಡಬಹುದೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಬೆಳ್ಳಿಲವಣ:
ತಾವು ಹೇಳಿದ ತೊಂದರೆಯ ಮೂಲ ಕಾಂಟ್ರಾಸ್ಟ್‌ನಲ್ಲಿಲ್ಲ, ಬೆಳಕಿನ ದಿಕ್ಕಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಕಂಬವನ್ನು ಪಕ್ಕದ ಕಂಬದಿಂದ ಬೇರ್ಪಡಿಸುವುದು ಅದರ ಒಂದು ಮುಖದ ಮೇಲೆ ಬಿದ್ದ ಬೆಳಕು ಮತ್ತು ಇನ್ನೊಂದು ಮುಖದ ನೆರಳು. ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದರೆ ಈ ಎರಡೂ ಇಲ್ಲವಾಗುತ್ತವೆ. ಏಪ್ರಿಲ್ ಕೊನೆಯ ವಾರದಲ್ಲಿ ಉಡುಪಿಯಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರ್ ಉತ್ತರಾರ್ಧದಲ್ಲಾದರೆ ಮಧ್ಯಾಹ್ನವೂ ಸುಮಾರು 53 ಡಿಗ್ರಿ ಎತ್ತರದಲ್ಲೇ, ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ಆ ತಿಂಗಳಲ್ಲಿ ಹೋಗಿ, ಅಪರಾಹ್ನ ಪಶ್ಚಿಮ ದಡದ ಉದ್ದಕ್ಕೆ ಉತ್ತರಾಭಿಮುಖವಾಗಿ ಕ್ಯಾಮೆರಾ ಹೂಡಿದರೆ, ಬೆಳಕು ಎಡಗಡೆಯಿಂದ ಓರೆಯಾಗಿ ಬಂದು ಕಂಬಗಳ ಅಂಚುಗಳನ್ನು ಎತ್ತಿ ತೋರಿಸುತ್ತದೆ.

ಪೋಲರೈಸರ್ ಬಗ್ಗೆ ಒಂದು ಎಚ್ಚರಿಕೆ. ನೀರಿನಲ್ಲಿ ತೊಯ್ದ ಬಂಡೆ ಒಣಗಿದ ಬಂಡೆಗಿಂತ ಕಪ್ಪಾಗಿ ಕಾಣುತ್ತದೆಯಾದರೂ, ಅದರ ತೆಳುವಾದ ನೀರಿನ ಪದರ ಆಕಾಶವನ್ನು ಪ್ರತಿಫಲಿಸಿ ಅಂಚುಗಳಲ್ಲಿ ಮಿಂಚುತ್ತದೆ. ಬಣ್ಣದ ಚಿತ್ರದಲ್ಲಿ ಆ ಮಿಂಚನ್ನು ತೆಗೆದರೆ ಬಣ್ಣ ಗಾಢವಾಗುತ್ತದೆಂದು ಎಲ್ಲರೂ ಪೋಲರೈಸರ್ ಹಾಕುತ್ತಾರೆ. ಕಪ್ಪು-ಬಿಳುಪಿನಲ್ಲಿ ಮಾತ್ರ ಕಂಬದ ಆಕಾರವನ್ನು ಹೇಳುವುದೇ ಆ ಮಿಂಚು. ಫಿಲ್ಟರನ್ನು ತಿರುಗಿಸುತ್ತಾ ಮಿಂಚು ಎಲ್ಲಿ ಉಳಿಯಬೇಕೆಂದು ಕಣ್ಣಿಂದಲೇ ನಿರ್ಧರಿಸಿ, ಇಲ್ಲವೇ ಫಿಲ್ಟರನ್ನು ಚೀಲದಲ್ಲೇ ಬಿಡಿ.

ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ವಿಷಯದಲ್ಲಿ, ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಯಾವ ವಸ್ತುವನ್ನೂ ನಡುಬೂದು ಎಂದೇ ಎಣಿಸುತ್ತದೆ. ಕಪ್ಪು ಬಂಡೆಯ ಮೇಲೆ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಭಾಗದ ಬೆಳಕನ್ನಷ್ಟೇ ಅಳೆಯುವುದು) ಮಾಡಿ ಅದು ಹೇಳಿದಂತೆ ತೆಗೆದರೆ ನೊರೆ ಸುಟ್ಟುಹೋಗುತ್ತದೆ. ಅಲ್ಲಿಂದ ಎರಡು ಸ್ಟಾಪ್ ಇಳಿಸಿದರೆ ಬಂಡೆ ಕಪ್ಪಾಗಿಯೂ ಇರುತ್ತದೆ, ಅದರ ಒರಟುತನವೂ ಉಳಿಯುತ್ತದೆ. ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ, ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳನ್ನು ಹಂತಗಳಾಗಿ ವಿಂಗಡಿಸುವ ವಲಯ ಪದ್ಧತಿಯಲ್ಲಿ ಇದು ಮೂರನೆಯ ವಲಯ. ಡಿಜಿಟಲ್‌ನಲ್ಲಿ ಕೊನೆಯ ಮಾತು ನೊರೆಯದೇ ಆಗಿರಲಿ: ಹಿಸ್ಟೋಗ್ರಾಮ್‌ನಲ್ಲಿ (ಎಡದ ಕಪ್ಪಿನಿಂದ ಬಲದ ಬಿಳುಪಿನವರೆಗೆ ಛಾಯೆಗಳ ಹಂಚಿಕೆ ತೋರಿಸುವ ನಕ್ಷೆ) ಅದು ಬಲ ಅಂಚನ್ನು ದಾಟದಂತೆ ನೋಡಿಕೊಂಡು, ನೆರಳನ್ನು ಆಮೇಲೆ ಎತ್ತಿಕೊಳ್ಳಿ.

ಶಿಲಾಪದರ:
ಬೆಳಕಿನ ಬಗ್ಗೆ ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಕಲ್ಲಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹರಿದ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕುಗಳು ಮೇಲ್ಮೈಯಿಂದ ಒಳಕ್ಕೆ ಲಂಬವಾಗಿ ಇಳಿದು ಈ ಬಹುಭುಜ ಕಂಬಗಳಾದವು. ಈ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವುದು ಈ ಕಾರಣಕ್ಕೇ. ಹೀಗಿರುವಾಗ ಚಿತ್ರದ ವಸ್ತು ಬಿರುಕಿನ ರೇಖೆಗಳೇ ಹೊರತು ದಿಗಂತವಲ್ಲ. ಬರಿದಾದ ಆಕಾಶ ತೊಂದರೆ ಕೊಡುತ್ತಿದ್ದರೆ ಅದನ್ನು ಚೌಕಟ್ಟಿನಿಂದ ಹೊರಗಿಡಿ. ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್ ಬಂಡೆಗಳ ಮೇಲೆ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಮಾಡಿದ ಕೆಲಸವನ್ನು ಒಮ್ಮೆ ನೋಡಿ. ಅದರಲ್ಲಿ ಎಷ್ಟೋ ಚಿತ್ರಗಳಲ್ಲಿ ಆಕಾಶದ ಒಂದು ಚೂರೂ ಇಲ್ಲ.

ಬಣ್ಣ ತೆಗೆಯುವಾಗ ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗಿಳಿಸುವುದು ಬೇಡ. ಗಾಳಿ-ನೀರಿಗೆ ಸಿಕ್ಕಿದ ಬಂಡೆಯ ಮೇಲ್ಮೈಯಲ್ಲಿ ಕಂದುಛಾಯೆ ಇರುತ್ತದೆ. ಕಪ್ಪು-ಬಿಳುಪಿಗೆ ಬದಲಿಸುವಾಗ ಕೆಂಪು-ಕಿತ್ತಳೆಯ ಹೊಳಪನ್ನು ಏರಿಸಿ ನೀಲಿಯದನ್ನು ಇಳಿಸಿದರೆ ಕಲ್ಲು ಬೆಳಗುತ್ತದೆ, ನೀರು ಗಾಢವಾಗುತ್ತದೆ.

ಕಡಲತಡಿ:
ಇಬ್ಬರಿಗೂ ವಂದನೆಗಳು. ಎನ್‌ಡಿ ಫಿಲ್ಟರ್ ಹಾಕಿ ನೀರನ್ನು ಮಂಜಿನಂತೆ ಮಾಡುವುದು ಈ ಜಾಗಕ್ಕೆ ಒಪ್ಪುತ್ತದೆಯೇ?

ಬೆಳ್ಳಿಲವಣ:
ನನಗೆ ಒಪ್ಪುವುದಿಲ್ಲ. ಬಿಸಿಲಿನಲ್ಲಿ ಎಫ್/11 (ಮಸೂರದ ರಂಧ್ರದ ಅಳತೆ), ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಇದ್ದರೆ ಶಟರ್ ತೆರೆದಿರುವ ಸಮಯ ಸುಮಾರು 1/200 ಸೆಕೆಂಡ್ ಬರುತ್ತದೆ. ಹತ್ತು ಸ್ಟಾಪ್ ಫಿಲ್ಟರ್ ಅದನ್ನು 5 ಸೆಕೆಂಡಿಗೆ ಒಯ್ಯುತ್ತದೆ. ಅಷ್ಟರಲ್ಲಿ ಅಲೆ ಬಂದು ಹೋಗಿ, ಕಂಬಗಳ ಬುಡವೆಲ್ಲ ಹೊಗೆಯಾಗುತ್ತದೆ. ಆರು ಸ್ಟಾಪ್ ಫಿಲ್ಟರ್ ಆದರೆ ಸಿಗುವುದು ಸುಮಾರು 1/3 ಸೆಕೆಂಡ್. ಅಲೆ ಹಿಂದೆ ಸರಿಯುವ ಕ್ಷಣದಲ್ಲಿ ಒತ್ತಿದರೆ, ಕಂಬಗಳ ಸಂದಿಯಿಂದ ಇಳಿಯುವ ನೀರು ಬಿಳಿ ಎಳೆಗಳಾಗಿ ಮೂಡುತ್ತದೆ, ಕಲ್ಲಿನ ಅಂಚೂ ಉಳಿಯುತ್ತದೆ. ಟ್ರೈಪಾಡನ್ನು ಮಾತ್ರ ಒಣಗಿದ ಕಂಬಗಳ ತಲೆಯ ಮೇಲೆ ಹೂಡಿ, ಪಾಚಿ ಹಿಡಿದ ಕೆಳಗಿನ ಕಲ್ಲುಗಳಿಗೆ ಇಳಿಯಬೇಡಿ.