ಇಪ್ಪತ್ತು ವರ್ಷ ಹಸು ಸಾಕಿದ್ದೇನೆ, ಕುದುರೆ ಈಯುವುದು ಇದೇ ಮೊದಲು. ಏನೇನು ಗಮನಿಸಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ಹತ್ತಾರು ಕರುಗಳು ನನ್ನ ಕೈಯಲ್ಲೇ ಹುಟ್ಟಿವೆ, ಅಡ್ಡ ಬಂದ ಕರುವನ್ನೂ ತಿರುಗಿಸಿ ತೆಗೆದಿದ್ದೇನೆ. ಆದರೆ ಕುದುರೆಯ ವಿಷಯದಲ್ಲಿ ನಾನು ಹೊಸಬ. ಗಂಡು ಕೂಡಿಸಿ ಇವತ್ತಿಗೆ 346 ದಿನ. ಕೆಚ್ಚಲು ತುಂಬಿಕೊಂಡು ಹದಿನೈದು ದಿನವಾಯಿತು, ಈಯುವ ಸೂಚನೆಯೇ ಇಲ್ಲ. ದಿನ ಮೀರಿದೆ, ಇಂಜೆಕ್ಷನ್ ಕೊಡಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ಕೊಡಿಸಲೇ?

ವೈದ್ಯರು: ಬೇಡ, ದಯವಿಟ್ಟು ಬೇಡ. ಹಸು ಹೆಚ್ಚುಕಡಿಮೆ 280 ದಿನಕ್ಕೆ ಈಯುತ್ತದೆ, ನೀವು ಆ ಲೆಕ್ಕಕ್ಕೆ ಒಗ್ಗಿದ್ದೀರಿ. ಕುದುರೆಗೆ ಅಂಥ ಗಟ್ಟಿ ಲೆಕ್ಕ ಇಲ್ಲ. ಸರಾಸರಿ 340 ದಿನ ಅನ್ನುತ್ತೇವೆ, ಆದರೆ 320ರಿಂದ 365ರವರೆಗೂ ಆರೋಗ್ಯವಂತ ಮರಿ ಹುಟ್ಟುತ್ತದೆ. ಮರಿ ಹೊರಗಿನ ಗಾಳಿಯಲ್ಲಿ ಬದುಕಲು ಪೂರ್ತಿ ಹದವಾಗುವುದು ಹೊಟ್ಟೆಯೊಳಗಿನ ಕೊನೆಯ ಕೆಲವೇ ದಿನಗಳಲ್ಲಿ. ಇಂಜೆಕ್ಷನ್ ಕೊಟ್ಟು ಆ ದಿನಗಳನ್ನು ಕಸಿದುಕೊಂಡರೆ ದೊಡ್ಡ ಮರಿಯೇ ಹುಟ್ಟಬಹುದು, ಎದ್ದು ನಿಲ್ಲುವ ಶಕ್ತಿ ಮಾತ್ರ ಅದಕ್ಕಿರುವುದಿಲ್ಲ.

ಕ್ಯಾಲೆಂಡರ್ ಬಿಟ್ಟು ಕೆಚ್ಚಲು ನೋಡಿ. ಮೊಲೆಯ ತುದಿಯಲ್ಲಿ ಜೇನುಮೇಣದಂತೆ ಹಳದಿ ಹನಿ ಗಟ್ಟಿಯಾಗಿ ಅಂಟಿಕೊಂಡರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಈಯುತ್ತದೆ. ಬಾಲದ ಬುಡದ ಎರಡೂ ಬದಿ ಮೆತ್ತಗಾಗುತ್ತದೆ, ಯೋನಿದ್ವಾರ ಸಡಿಲವಾಗಿ ಉದ್ದವಾಗುತ್ತದೆ. ಕೆಲವು ಕುದುರೆಗಳು ಯಾವ ಸೂಚನೆಯನ್ನೂ ಕೊಡದೆ ಈಯುತ್ತವೆ, ಅದಕ್ಕೂ ಸಿದ್ಧರಾಗಿರಿ. ಬಹುಪಾಲು ಈಯುವುದು ರಾತ್ರಿ, ಜನರ ಓಡಾಟ ನಿಂತ ಮೇಲೆ. ಆದ್ದರಿಂದ ಲಾಯದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರಬೇಡಿ. ದೂರದಿಂದ, ಕುದುರೆಗೆ ಕಾಣದ ಹಾಗೆ ನೋಡಿ.

ಎರಡು ವಿಷಯ ನೀವು ತಿಳಿಸಬೇಕು. ಈಗಾಗಲೇ ಹಾಲು ಸೋರುತ್ತಿದೆಯೇ? ಧನುರ್ವಾಯು ಲಸಿಕೆ ಹಾಕಿಸಿದ್ದೀರಾ?

ಪ್ರಶ್ನೆ ಕೇಳಿದವರು: ಸೋರುತ್ತಿಲ್ಲ ಮೇಡಂ. ಲಸಿಕೆ ತಿಂಗಳ ಹಿಂದೆ ಹಾಕಿಸಿದೆ. ಹಸುವಿಗೆ ನೋವು ಶುರುವಾದರೆ ನಾನು ಎರಡು ಗಂಟೆ ಕಾಯುತ್ತೇನೆ, ಆಮೇಲೆ ಕೈ ಹಾಕುತ್ತೇನೆ. ಇಲ್ಲೂ ಹಾಗೇ ತಾನೇ?

ವೈದ್ಯರು: ಇಲ್ಲ. ನಿಮ್ಮ ಅನುಭವ ನಿಮಗೆ ಕೈಕೊಡುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಹಂತದಲ್ಲಿ ಕುದುರೆ ಚಡಪಡಿಸುತ್ತದೆ, ಬೆವರುತ್ತದೆ, ಪಕ್ಕೆಯ ಕಡೆ ತಿರುಗಿ ನೋಡುತ್ತದೆ, ಮಲಗಿ ಏಳುತ್ತದೆ. ಇದು ಒಂದರಿಂದ ನಾಲ್ಕು ಗಂಟೆ ನಡೆಯಬಹುದು. ನೀರು ಒಡೆದ ಕೂಡಲೇ ಗಡಿಯಾರ ನೋಡಿ. ಅಲ್ಲಿಂದ 20–30 ನಿಮಿಷದೊಳಗೆ ಮರಿ ಹೊರಗೆ ಬಂದಿರಬೇಕು. ಹಸುವಿನ ಮಾಸು ಗುಂಡಿಗಳಂಥ ಜಾಗಗಳಲ್ಲಿ ಗರ್ಭಕೋಶಕ್ಕೆ ಬಿಗಿಯಾಗಿ ಅಂಟಿರುತ್ತದೆ, ಹಾಗಾಗಿ ಹೆರಿಗೆ ತಡವಾದರೂ ಕರುವಿಗೆ ತಾಯಿಯ ರಕ್ತದಿಂದ ಉಸಿರು ಸಿಗುತ್ತಿರುತ್ತದೆ. ಕುದುರೆಯ ಮಾಸು ಗರ್ಭಕೋಶದ ಒಳಗೋಡೆಗೆಲ್ಲ ತೆಳುವಾಗಿ ಹರಡಿಕೊಂಡಿರುತ್ತದೆ. ತಿಣುಕು ಜೋರಾದಂತೆ ಅದು ಬೇಗ ಬಿಡುತ್ತದೆ, ಬಿಟ್ಟರೆ ಮರಿಯ ಉಸಿರು ಕಟ್ಟುತ್ತದೆ. ನೀರು ಒಡೆದು 10 ನಿಮಿಷವಾದರೂ ಏನೂ ಕಾಣದಿದ್ದರೆ ಫೋನ್ ಕೈಗೆತ್ತಿಕೊಳ್ಳಿ. ಎರಡು ಗಂಟೆ ಕಾದರೆ ಸತ್ತ ಮರಿಯನ್ನು ಎಳೆಯಬೇಕಾಗುತ್ತದೆ.

ಸರಿಯಾಗಿ ಬರುವ ಮರಿಯಲ್ಲಿ ಬಿಳಿ ಪೊರೆಯೊಳಗೆ ಮುಂಗಾಲು ಎರಡು, ಗೊರಸಿನ ಅಡಿ ಕೆಳಮುಖವಾಗಿ, ಒಂದು ಕಾಲು ಇನ್ನೊಂದಕ್ಕಿಂತ ತುಸು ಮುಂದೆ, ಅವುಗಳ ಮೇಲೆ ಮೂತಿ. ಒಂದೇ ಕಾಲು ಕಂಡರೆ, ಅಥವಾ ಅಡಿ ಮೇಲ್ಮುಖವಾಗಿದ್ದರೆ ವೈದ್ಯರಿಗೆ ಹೇಳಿ. ಅವರು ಬರುವವರೆಗೆ ಕುದುರೆಯನ್ನು ಎಬ್ಬಿಸಿ ನಿಧಾನವಾಗಿ ನಡೆಸುತ್ತಿರಿ, ತಿಣುಕು ಕಡಿಮೆಯಾಗುತ್ತದೆ.

ಯಾರನ್ನೂ ಕಾಯಬಾರದ ಸಂದರ್ಭ ಒಂದೇ. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಹೊರಗೆ ಬಂದರೆ, ಮಾಸು ಮರಿಗಿಂತ ಮೊದಲೇ ಕಳಚಿಕೊಂಡಿದೆ ಎಂದರ್ಥ. ಆ ಕ್ಷಣವೇ ಚೀಲವನ್ನು ಕತ್ತರಿಯಿಂದ ಹುಷಾರಾಗಿ ಸೀಳಿ, ಒಳಗಿನ ಕಾಲು ಹಿಡಿದು, ಕುದುರೆ ತಿಣುಕಿದಾಗಲೆಲ್ಲ ಕೆಳಮುಖವಾಗಿ ಎಳೆಯಿರಿ. ಫೋನ್ ಮಾಡುವ ಕೆಲಸ ಪಕ್ಕದವರಿಗೆ ಬಿಡಿ. ಮೊಂಡು ತುದಿಯ ಕತ್ತರಿ ಲಾಯದಲ್ಲೇ ಇಟ್ಟುಕೊಂಡಿರಿ.

ಮರಿ ಬಿದ್ದ ಮೇಲೆ ಹೊಕ್ಕುಳಬಳ್ಳಿ ಕತ್ತರಿಸಬೇಡಿ. ಕುದುರೆ ಎದ್ದಾಗಲೋ ಮರಿ ಒದ್ದಾಡಿದಾಗಲೋ ತಾನಾಗಿ ಹರಿಯುತ್ತದೆ. ಉಳಿದ ತುಂಡನ್ನು 0.5 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿ, ದಿನಕ್ಕೆ ಎರಡು ಮೂರು ಸಲ, ಎರಡು ಮೂರು ದಿನ. ಗಾಢ ಅಯೋಡಿನ್ ಹಚ್ಚಬೇಡಿ, ಚರ್ಮ ಸುಡುತ್ತದೆ.

ಪ್ರಶ್ನೆ ಕೇಳಿದವರು: ಮಾಸಿನ ಬಗ್ಗೆಯೂ ಹೇಳಿಬಿಡಿ. ಹಸು ರಾತ್ರಿ ಈದರೆ ಬೆಳಗಿನವರೆಗೆ ಬಿಡುತ್ತೇವೆ.

ವೈದ್ಯರು: ಕುದುರೆಗೆ ಮೂರು ಗಂಟೆ, ಅಷ್ಟೇ. ಮೂರು ಗಂಟೆಯೊಳಗೆ ಬೀಳದಿದ್ದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ವೈದ್ಯರನ್ನು ಕರೆಸಿ. ಒಳಗೆ ಅಂಗೈಯಗಲದ ತುಂಡು ಉಳಿದರೂ ಗರ್ಭಕೋಶ ಕೊಳೆತು, ವಿಷ ರಕ್ತಕ್ಕೇರಿ, ಕೊನೆಗೆ ಗೊರಸಿನ ಒಳಗೆ ಉರಿಯೂತವಾಗಿ ಕುದುರೆ ಕಾಲೂರಲಾರದೆ ನಿಲ್ಲುತ್ತದೆ. ಎಳೆಯಬೇಡಿ, ಭಾರ ಕಟ್ಟಬೇಡಿ. ನೇತಾಡುವ ಮಾಸನ್ನು ಅದಕ್ಕೇ ಗಂಟು ಹಾಕಿ, ಕುದುರೆ ತುಳಿಯದಷ್ಟು ಮೇಲೆ ನಿಲ್ಲಿಸಿ. ಬಿದ್ದ ಮೇಲೆ ಎಸೆಯಬೇಡಿ, ನೆಲದ ಮೇಲೆ ಹರಡಿ ಎರಡೂ ಕೊಂಬಿನ (ಗರ್ಭಕೋಶದ ಎರಡು ಕವಲುಗಳಲ್ಲಿದ್ದ ಭಾಗಗಳ) ತುದಿ ಪೂರ್ತಿ ಬಂದಿದೆಯೇ ನೋಡಿ. ಹರಿದು ಒಳಗೆ ಉಳಿಯುವುದು ಹೆಚ್ಚಾಗಿ ಮರಿಯಿಲ್ಲದ ಕೊಂಬಿನ ತುದಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಕುದುರೆ ಬೆಳಗಿನ ಜಾವ ನಾಲ್ಕಕ್ಕೆ ಈದಿದೆ, ಗಂಡುಮರಿ. ಒಂದು ಗಂಟೆಯಲ್ಲಿ ಎದ್ದು ನಿಂತಿತು, ಮಾಸೂ ಬಿತ್ತು. ಈಗ ಒಂಬತ್ತು ಗಂಟೆ. ಮರಿ ಕೆಚ್ಚಲ ಹತ್ತಿರವೇ ಇದೆ, ಹಣೆಯೆಲ್ಲ ಹಾಲಿನಲ್ಲಿ ತೊಯ್ದಿದೆ. ಚೆನ್ನಾಗಿ ಕುಡಿಯುತ್ತಿದೆ ಅಂದುಕೊಂಡಿದ್ದೇವೆ. ಸ್ವಲ್ಪ ಮಂಕಾಗಿದೆ ಅಷ್ಟೆ.

ವೈದ್ಯರು: ಹಣೆ ತೊಯ್ದಿದೆ ಎಂದರೆ ಕುಡಿಯುತ್ತಿಲ್ಲ. ಮರಿ ಕೆಚ್ಚಲ ಕೆಳಗೆ ಬಾಯಿ ಹಾಕದೆ ನಿಂತಾಗ ತಾಯಿಯ ಹಾಲು ತಾನಾಗಿ ಅದರ ತಲೆಯ ಮೇಲೆ ಸುರಿಯುತ್ತದೆ. ಈಗಲೇ ಹೋಗಿ ಕೆಚ್ಚಲು ಮುಟ್ಟಿ ನೋಡಿ. ಕೈ ತೊಳೆದು ಒಂದು ಬೆರಳು ಮರಿಯ ಬಾಯಿಗೆ ಕೊಡಿ. ಜಗ್ಗಿ ಚೀಪುತ್ತದೆಯೇ?

ಅದೇ ಸದಸ್ಯರು: ಕೆಚ್ಚಲು ಕಲ್ಲಿನ ಹಾಗಿದೆ. ಬೆರಳು ಸುಮ್ಮನೆ ನೆಕ್ಕುತ್ತದೆ, ಎಳೆಯುವುದಿಲ್ಲ. ಗಿಣ್ಣುಹಾಲು ಕರೆದು ಗೊಟ್ಟದಲ್ಲಿ ಕುಡಿಸಲೇ?

ವೈದ್ಯರು: ಗೊಟ್ಟ ಬೇಡ, ಬಾಟಲಿಯಿಂದ ಸುರಿಯುವುದೂ ಬೇಡ. ಚೀಪಲಾರದ ಮರಿಯ ಬಾಯಿಗೆ ಸುರಿದ ಹಾಲು ಶ್ವಾಸಕೋಶಕ್ಕಿಳಿಯುತ್ತದೆ. ನಿಮ್ಮ ಹತ್ತಿರದ ಪಶುವೈದ್ಯರಿಗೆ ಈಗಲೇ ಫೋನ್ ಮಾಡಿ, ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಕು ಎಂದೇ ಹೇಳಿ. ಅವರು ಬರುವಷ್ಟರಲ್ಲಿ ಗಿಣ್ಣು ಕರೆದು, ಶುದ್ಧ ಬಟ್ಟೆಯಲ್ಲಿ ಸೋಸಿ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಇಡಿ. ಒಲೆಯ ಮೇಲೆ ಕಾಯಿಸಬೇಡಿ. ಮರಿಯನ್ನು ಒರೆಸಿ, ಕಂಬಳಿ ಹೊದಿಸಿ.

ಆತುರ ಯಾಕೆಂದರೆ, ಮನುಷ್ಯರ ಮಗುವಿಗೆ ತಾಯಿಯ ರೋಗನಿರೋಧಕಗಳು ಹೊಟ್ಟೆಯಲ್ಲಿರುವಾಗಲೇ ದಾಟಿರುತ್ತವೆ. ಕುದುರೆಮರಿಗೆ ಏನೂ ದಾಟಿರುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಮೊದಲ ಆರೆಂಟು ಗಂಟೆ ಚೆನ್ನಾಗಿರುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ನಿಮ್ಮ ಮರಿಗೆ ಐದು ಗಂಟೆ ಆಗಲೇ ಹೋಗಿದೆ. 45–50 ಕಿಲೋ ಮರಿಗೆ ಒಟ್ಟು ಒಂದರಿಂದ ಎರಡು ಲೀಟರ್ ಗಿಣ್ಣು ಬೇಕು, ಒಮ್ಮೆಗೇ ಅಲ್ಲ, ಕಾಲು–ಅರ್ಧ ಲೀಟರಿನಂತೆ.

ಅದೇ ಸದಸ್ಯರು, ಮರುದಿನ: ಡಾಕ್ಟರು ಹತ್ತೂವರೆಗೆ ಬಂದು ನಳಿಕೆ ಹಾಕಿದರು, ಸಂಜೆಯೊಳಗೆ ಇನ್ನೂ ಮೂರು ಸಲ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ಮರಿ ತಾನೇ ಮೊಲೆ ಹಿಡಿಯಿತು. ನಾವೆಲ್ಲ ಅತ್ತುಬಿಟ್ಟೆವು ಮೇಡಂ. ರೋಗನಿರೋಧಕಗಳ ರಕ್ತಪರೀಕ್ಷೆಯಲ್ಲಿ 520 ಬಂದಿದೆ, ಇದು ಸಾಕೇ?

ವೈದ್ಯರು: ಓದಿ ಜೀವ ತಂಪಾಯಿತು. ಆದರೆ 520 ಸಾಲದು. ಡೆಸಿಲೀಟರ್‌ಗೆ 800 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ನಿಶ್ಚಿಂತೆ, 400ಕ್ಕಿಂತ ಕಡಿಮೆಯಾದರೆ ರಕ್ಷಣೆಯೇ ಸಿಕ್ಕಿಲ್ಲ ಎಂದರ್ಥ. ನಿಮ್ಮದು ನಡುವೆ ಇದೆ. ಕರುಳು ಈಗ ಮುಚ್ಚಿರುವುದರಿಂದ ಇನ್ನು ಗಿಣ್ಣಿನಿಂದ ಅಂಕಿ ಏರುವುದಿಲ್ಲ. ಮೊದಲ ದಿನ ಮಂಕಾಗಿದ್ದ ಮರಿಯಾದ್ದರಿಂದ ರಕ್ತನಾಳಕ್ಕೆ ಪ್ಲಾಸ್ಮಾ (ರೋಗನಿರೋಧಕಗಳಿರುವ ರಕ್ತದ ದ್ರವಭಾಗ) ಕೊಡಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನಿಮ್ಮ ಡಾಕ್ಟರ ಜೊತೆ ಇವತ್ತೇ ಮಾತಾಡಿ. ಕಪ್ಪು, ಗಟ್ಟಿ, ಮೊದಲ ಲದ್ದಿ ಹಾಕಿತೇ? ಗಂಡುಮರಿಗಳಿಗೆ ಅದು ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ಬಾಲ ಎತ್ತಿ, ಬೆನ್ನು ಬಾಗಿಸಿ ತಿಣುಕುತ್ತಿದ್ದರೆ ಅವರಿಗೆ ತೋರಿಸಿ. ಮೂತ್ರದ ಮೇಲೂ ಕಣ್ಣಿಡಿ. ಎರಡು ಮೂರು ದಿನಕ್ಕೆ ಹೊಟ್ಟೆ ಊದಿ, ಹನಿ ಹನಿಯಾಗಿ ಮಾತ್ರ ಬಂದರೆ ಮೂತ್ರಕೋಶ ಒಡೆದಿರಬಹುದು.

ಮತ್ತೊಬ್ಬರು: ನಮ್ಮ ಮರಿಗೆ ಒಂಬತ್ತು ದಿನ. ತಾಯಿಯ ಲದ್ದಿ ತಿನ್ನುತ್ತದೆ, ಭೇದಿಯೂ ಆಗುತ್ತಿದೆ. ತಾಯಿ ಬೆದೆಗೆ ಬಂದದ್ದರಿಂದ ಹಾಲು ಕೆಟ್ಟಿದೆ ಅನ್ನುತ್ತಾರೆ. ಈ ಬೆದೆಯಲ್ಲೇ ಗಂಡು ಕೂಡಿಸಬಹುದೇ?

ವೈದ್ಯರು: ಹಾಲು ಕೆಟ್ಟಿಲ್ಲ. ತಾಯಿಯಿಲ್ಲದೆ ಬೆಳೆದ ಮರಿಗಳಿಗೂ ಇದೇ ವಯಸ್ಸಿನಲ್ಲಿ ಭೇದಿಯಾಗುತ್ತದೆ. ಕರುಳಿನಲ್ಲಿ ಹೊಸ ಸೂಕ್ಷ್ಮಜೀವಿಗಳು ನೆಲೆಯೂರುವ ಕಾಲ ಇದು, ಲದ್ದಿ ತಿನ್ನುವುದೂ ಸಹಜ. ಬಾಲದ ಕೆಳಗೆ ತೊಳೆದು ವ್ಯಾಸಲೀನ್ ಹಚ್ಚಿ. ಜ್ವರ 38.9 ಡಿಗ್ರಿ ದಾಟಿದರೆ ಅಥವಾ ಮರಿ ಹಾಲು ಬಿಟ್ಟರೆ ಕಾಯಬೇಡಿ. ಗಂಡು ಕೂಡಿಸುವುದು ಮುಂದಿನ ಬೆದೆಗಿರಲಿ. ಈದ ಹತ್ತು ದಿನದೊಳಗೆ ಅಂಡ ಬಿಡುಗಡೆಯಾದರೆ, ಗರ್ಭಕೋಶ ಇನ್ನೂ ಶುದ್ಧವಾಗಿರದ ಕಾರಣ ಗಬ್ಬ ನಿಲ್ಲುವುದು ಕಡಿಮೆ. ಕೂಡಿಸಿದ ಮೇಲೆ 14–16ನೇ ದಿನಕ್ಕೆ ಸ್ಕ್ಯಾನ್ ಮಾಡಿಸಿ. ಅವಳಿ ಇದ್ದರೆ ಆಗಲೇ ಒಂದನ್ನು ತೆಗೆಯಬೇಕು, ಕುದುರೆಯ ಅವಳಿ ಗಬ್ಬ ಹೆಚ್ಚಿನಂಶ ಕಂದುಹೋಗುತ್ತದೆ.

ಮತ್ತೊಬ್ಬರು: ತಾಯಿ ಸತ್ತರೆ ಹಸುವಿನ ಹಾಲು ನಡೆಯುತ್ತದೆಯೇ? ಸಕ್ಕರೆ ಬೆರೆಸಿದರೆ?

ವೈದ್ಯರು: ಸಕ್ಕರೆ ಬೇಡ. ಎಳೆಯ ಮರಿಗೆ ಅದು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಕುದುರೆಯ ಹಾಲಿನಲ್ಲಿ ಕೊಬ್ಬು ಕಡಿಮೆ, ಸಿಹಿ ಹೆಚ್ಚು. ಕುದುರೆಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಕ್ಕದಿದ್ದರೆ, 2 ಶೇಕಡಾ ಕೊಬ್ಬಿನ ಹಸುವಿನ ಹಾಲಿಗೆ ಲೀಟರ್‌ಗೆ 20 ಗ್ರಾಂ ಗ್ಲೂಕೋಸ್, ಅಂದರೆ ಡೆಕ್ಸ್‌ಟ್ರೋಸ್ ಬೆರೆಸಿ. ಮೊದಲ ದಿನಗಳಲ್ಲಿ ಒಂದೆರಡು ಗಂಟೆಗೊಮ್ಮೆ, ಮರಿ ನಿಂತಿರುವಾಗಲೇ ಕುಡಿಸಿ.

ಮೊದಲ ಪ್ರಶ್ನೆ ಕೇಳಿದವರು, ಆರು ದಿನದ ನಂತರ: ಮೇಡಂ, ನಿನ್ನೆ ರಾತ್ರಿ ಒಂದೂವರೆಗೆ ಈದಿತು, 352ನೇ ದಿನಕ್ಕೆ. ನೀರು ಒಡೆದು 18 ನಿಮಿಷಕ್ಕೆ ಹೆಣ್ಣುಮರಿ ಬಿತ್ತು, ನಾನು ಕೈಯೇ ಹಾಕಲಿಲ್ಲ. 50 ನಿಮಿಷಕ್ಕೆ ಎದ್ದು ನಿಂತಿತು, ಮೂರೂ ಕಾಲಿನ ಹೊತ್ತಿಗೆ ಮೊಲೆ ಹಿಡಿಯಿತು. ನಾಲ್ಕೂವರೆಯಾದರೂ ಮಾಸು ಬೀಳಲಿಲ್ಲ. ಹಸುವಾಗಿದ್ದರೆ ಮಲಗಿಬಿಡುತ್ತಿದ್ದೆ. ಡಾಕ್ಟರನ್ನು ಎಬ್ಬಿಸಿದೆ. ಅವರು ಬಂದು ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಕೊಟ್ಟ ಮುಕ್ಕಾಲು ಗಂಟೆಗೆ ಬಿತ್ತು. ಹರಡಿ ನೋಡಿದೆವು, ಎರಡೂ ಕೊಂಬು ಪೂರ್ತಿ ಇವೆ.

ವೈದ್ಯರು: ಸರಿಯಾದ ಹೊತ್ತಿಗೆ ಎಬ್ಬಿಸಿದ್ದೀರಿ. ಇನ್ನು ಮೂರು ದಿನ ತಾಯಿಯ ಜ್ವರ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ, ಗೊರಸು ಮುಟ್ಟಿದರೆ ಬಿಸಿಯಿದೆಯೇ ಗಮನಿಸಿ. ಇವತ್ತು ರಾತ್ರಿಯೊಳಗೆ ಮರಿಯ ರಕ್ತಪರೀಕ್ಷೆಯೂ ಆಗಲಿ. ಬಂದ ಅಂಕಿಯನ್ನು ಇಲ್ಲೇ ಹಾಕಿ, ಕಾಯುತ್ತಿರುತ್ತೇನೆ.