ಟರ್ಬೊ ಕಾರಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನಿಸುತ್ತಿದೆ, ಕಡಿಮೆ ಖರ್ಚಿನಲ್ಲಿ ನಾನೇ ಬದಲಿಸಬಹುದಾ?

ಹಳೆಗಾಡಿ:

ಎಲ್ಲರಿಗೂ ನಮಸ್ಕಾರ. ಇಂಜಿನ್‌ನ ಹೆಡ್ (ಮೇಲಿನ ಭಾಗ) ಮತ್ತು ಬ್ಲಾಕ್ (ಸಿಲಿಂಡರ್‌ಗಳಿರುವ ಕೆಳಭಾಗ) ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ ಅಂತ ನನ್ನ ಅನುಮಾನ. ನನ್ನದು 1.4 ಲೀಟರ್ ಟರ್ಬೊ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಮೂರು ವಾರದಿಂದ ಕೂಲಂಟ್ (ಇಂಜಿನ್ ತಣಿಸುವ ದ್ರವ) ಇಳಿಯುತ್ತಿದೆ, ಆದರೆ ಕಾರಿನ ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅರ್ಧ ನಿಮಿಷ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ, ಬಿಳಿ ಹೊಗೆ ಬರುತ್ತದೆ, ಇಂಜಿನ್ ಬಿಸಿಯಾದ ಮೇಲೂ ಪೂರ್ತಿ ನಿಲ್ಲುವುದಿಲ್ಲ. ಹೊಗೆಗೆ ಒಂಥರಾ ಸಿಹಿ ವಾಸನೆ. ಹೋದ ವಾರ ಏರು ರಸ್ತೆಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ತನಕ ಹೋಯಿತು, ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ.

ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಆಯಿಲ್ ಕ್ಯಾಪ್ ತೆಗೆದು ನೋಡಿದರು. ಒಳಗೆ ಬೆಳ್ಳಗೆ ಕೆನೆ ಕಟ್ಟಿತ್ತು. ಅಷ್ಟಕ್ಕೇ ಇಂಜಿನ್ನೇ ಬದಲಿಸಿ ಅಂದರು. ಅವರು ಹೇಳಿದ ಮೊತ್ತ ಕಾರಿನ ಬೆಲೆಯ ಹತ್ತಿರ ಬರುತ್ತದೆ, ನನ್ನ ಕೈಯಲ್ಲಿ ಆಗುವುದಿಲ್ಲ. ಟೈಮಿಂಗ್ ಬೆಲ್ಟ್, ಬ್ರೇಕ್, ಕ್ಲಚ್ ಕೆಲಸ ನಾನೇ ಮಾಡಿದ್ದೇನೆ, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿ ಅಂತ ಅಳೆಯುವ ಸ್ಪಾನರ್) ಇದೆ. ಹೆಡ್ ಮಾತ್ರ ಯಾವತ್ತೂ ಇಳಿಸಿಲ್ಲ. ರೇಡಿಯೇಟರ್‌ಗೆ ಸುರಿದರೆ ಲೀಕ್ ಮುಚ್ಚುವ ದ್ರವ ಸಿಗುತ್ತದಲ್ವಾ, ಅದು ಸಾಕಾ? ಇಲ್ಲ ಹೆಡ್ ಬಿಚ್ಚಲೇಬೇಕಾ?

ಹದಿನಾಲ್ಕರ ಸ್ಪಾನರ್:

ಮೊದಲು ಕಾರು ಓಡಿಸುವುದನ್ನು ನಿಲ್ಲಿಸಿ. ಕೂಲಂಟ್ ಆಯಿಲ್‌ಗೆ ಸೇರಿದರೆ ಬೇರಿಂಗ್ ಹೋಗುತ್ತದೆ, ಆಮೇಲೆ ನಿಜಕ್ಕೂ ಇಂಜಿನ್ ಬದಲಿಸಬೇಕಾಗುತ್ತದೆ.

ಆ ದ್ರವ ದಯವಿಟ್ಟು ಹಾಕಬೇಡಿ. ಅದು ಗ್ಯಾಸ್ಕೆಟ್ ತೂತನ್ನು ಹುಡುಕಿಕೊಂಡು ಹೋಗಿ ಅಲ್ಲಿ ಮಾತ್ರ ಕೂರುವುದಿಲ್ಲ. ಹೀಟರ್‌ನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ, ರೇಡಿಯೇಟರ್‌ನಲ್ಲಿ ಕೂರುತ್ತದೆ, ಮುಖ್ಯವಾಗಿ ನಿಮ್ಮ ಟರ್ಬೊಗೆ ಹೋಗುವ ತೆಳು ಕೂಲಂಟ್ ಪೈಪಿನಲ್ಲಿ ಕೂರುತ್ತದೆ. ಒಂದು ಗ್ಯಾಸ್ಕೆಟ್ ಉಳಿಸಲು ಹೋಗಿ ಟರ್ಬೊ ಕಳೆದುಕೊಂಡವರನ್ನು ನೋಡಿದ್ದೇನೆ.

ಕ್ಯಾಪ್ ಒಳಗಿನ ಕೆನೆ ನೋಡಿಯೇ ತೀರ್ಪು ಕೊಡುವುದು ಸರಿಯಲ್ಲ. ಚಳಿಯಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡಿಸುವ ಕಾರಿನಲ್ಲೂ ನೀರಾವಿ ತಣಿದು ಅಲ್ಲಿ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ, ಅದರಲ್ಲೂ ಹಾಲು ಬೆರೆಸಿದ ಹಾಗಿದ್ದರೆ ಮಾತ್ರ ಗಂಭೀರ. ಆಗಲೂ ತಪ್ಪು ಗ್ಯಾಸ್ಕೆಟ್‌ದೇ ಆಗಿರಬೇಕಿಲ್ಲ. ಟರ್ಬೊ ಇಂಜಿನ್‌ಗಳಲ್ಲಿ ಕೂಲಂಟ್‌ನಿಂದ ತಣಿಯುವ ಆಯಿಲ್ ಕೂಲರ್ ಇರುವುದು ಜಾಸ್ತಿ, ಅದು ಒಳಗೆ ಒಡೆದರೂ ಎರಡೂ ಬೆರೆಯುತ್ತವೆ. ಟರ್ಬೊ ಹೌಸಿಂಗ್ ಬಿರುಕು ಬಿಟ್ಟರೂ ಕೂಲಂಟ್ ಸೈಲೆನ್ಸರ್ ದಾರಿಯಲ್ಲಿ ಹೋಗಿ ಇದೇ ಬಿಳಿ ಹೊಗೆ ಬರುತ್ತದೆ. ಹೆಡ್ ಇಳಿಸಿದ ಮೇಲೆ ತಪ್ಪು ಬೇರೆಲ್ಲೋ ಇತ್ತು ಅಂತ ಗೊತ್ತಾದರೆ ಎಷ್ಟು ಬೇಜಾರು ಅಲ್ವಾ?

ಹಾಗಾಗಿ ಹೀಗೆ ಮಾಡಿ. ರಾತ್ರಿಯಿಡೀ ನಿಂತ ಇಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಅದುಮಿ ನೋಡಿ. ನೀರು ಇನ್ನೂ ತಣ್ಣಗಿರುವಾಗಲೇ ಹೋಸ್ ಕಲ್ಲಿನ ಹಾಗೆ ಬಿಗಿಯಾದರೆ ಸಿಲಿಂಡರ್‌ನ ಗ್ಯಾಸ್ ಕೂಲಂಟ್‌ಗೆ ನುಗ್ಗುತ್ತಿದೆ ಎಂದರ್ಥ. ಆಮೇಲೆ ಬ್ಲಾಕ್ ಟೆಸ್ಟ್ ಕಿಟ್ ತನ್ನಿ. ಕೂಲಂಟ್ ಟ್ಯಾಂಕಿನ ಬಾಯಿಗೆ ಇಟ್ಟು ಬಲ್ಬ್ ಒತ್ತುವುದು, ಅಷ್ಟೇ. ಒಳಗೆ ಹೊಗೆಯ ಕಾರ್ಬನ್ ಡೈ ಆಕ್ಸೈಡ್ ಇದ್ದರೆ ನೀಲಿ ದ್ರವ ಹಳದಿಯಾಗುತ್ತದೆ. ಕೂಲಂಟನ್ನೇ ಹೀರಿಕೊಳ್ಳಬಾರದು, ಮೇಲಿನ ಗಾಳಿ ಮಾತ್ರ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡುವುದನ್ನೂ ಮರೆಯಬೇಡಿ, ಕೂಲಂಟ್ ಯಾವ ಸಿಲಿಂಡರ್‌ಗೆ ನುಗ್ಗುತ್ತಿದೆ ಅಂತ ಗೊತ್ತಾಗುತ್ತದೆ.

ಹಳೆಗಾಡಿ:

ತುಂಬ ಉಪಕಾರ ಸರ್. ಇವತ್ತು ಎಲ್ಲ ಮಾಡಿದೆ. ಹೋಸ್ ಒಂದೇ ನಿಮಿಷಕ್ಕೆ ಬಿಗಿಯಾಯಿತು. ದ್ರವ ಮೊದಲು ಹಸಿರು, ನೋಡ್ತಾ ನೋಡ್ತಾ ಹಳದಿ. ಒಂದು, ಎರಡು, ನಾಲ್ಕನೇ ಪ್ಲಗ್‌ಗಳು ಕಂದು ಬಣ್ಣ, ಮೂರನೆಯದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಚೆನ್ನಾಗಿದೆ, ಕೆನೆ ಇಲ್ಲ. ಹೆಡ್ ಇಳಿಸುತ್ತೇನೆ. ಯಾವುದರಲ್ಲಿ ಖರ್ಚು ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು, ಅದನ್ನು ಹೇಳಿ.

ಲೇತ್ ಕೆಲಸದವ:

ಹದಿನೈದು ವರ್ಷದಿಂದ ಹೆಡ್ ಫೇಸಿಂಗ್ (ಹೆಡ್‌ನ ತಳ ಸವೆಸಿ ಸಮ ಮಾಡುವ ಕೆಲಸ) ಮಾಡುತ್ತಿದ್ದೇನೆ. ಕೂಲಿ ಉಳಿಸಿ, ಬಿಚ್ಚುವುದು ಜೋಡಿಸುವುದು ನಿಮ್ಮ ಕೈಯಲ್ಲಾಗುತ್ತದೆ. ಹೊಸ ಬೋಲ್ಟ್, ಒಳ್ಳೆ ಗ್ಯಾಸ್ಕೆಟ್, ಹೆಡ್‌ನ ಪ್ರೆಶರ್ ಟೆಸ್ಟ್ (ಬಿರುಕಿದೆಯಾ ಅಂತ ನೋಡುವುದು), ಈ ಮೂರರಲ್ಲಿ ಉಳಿಸಬೇಡಿ.

ಈಗಿನ ಇಂಜಿನ್‌ಗಳ ಹೆಡ್ ಬೋಲ್ಟ್ ಬಿಗಿ ಮಾಡುವಾಗಲೇ ಸ್ವಲ್ಪ ಹಿಗ್ಗುವ ಜಾತಿಯದು. ಒಂದು ಸಲ ಹಿಗ್ಗಿದ್ದನ್ನು ಮತ್ತೆ ಹಾಕಿದರೆ ಹಿಡಿತ ಸಾಲುವುದಿಲ್ಲ, ತುಂಡಾಗಲೂಬಹುದು. ಟರ್ಬೊ ಇಂಜಿನ್‌ನಲ್ಲಿ ಸಿಲಿಂಡರ್ ಒಳಗಿನ ಒತ್ತಡ ಜಾಸ್ತಿ, ಅದು ಪ್ರತಿ ಸಲ ಹೆಡ್ಡನ್ನು ಮೇಲೆತ್ತಲು ನೋಡುತ್ತದೆ, ತಡೆಯುವುದು ಈ ಬೋಲ್ಟ್‌ಗಳೇ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಸಡಿಲಿಸಿ, ಅಂಚಿನಿಂದ ಮಧ್ಯಕ್ಕೆ, ಸ್ವಲ್ಪ ಸ್ವಲ್ಪವಾಗಿ. ಬಿಗಿ ಮಾಡುವಾಗ ಮಧ್ಯದಿಂದ ಅಂಚಿಗೆ. ಅಲ್ಯೂಮಿನಿಯಂ ಹೆಡ್ ಬಿಸಿಯಲ್ಲಿ ಬಿಚ್ಚಿದರೆ ಬಾಗುತ್ತದೆ. ಇಳಿಸಿದ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ: ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. 0.05 ಮಿಲಿಮೀಟರ್ ಎಲೆ ನುಗ್ಗಿದರೆ ನಾನಂತೂ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ, ಆದರೆ ನಿಮ್ಮ ಇಂಜಿನ್‌ನ ಮಿತಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದೇ ಕೊನೆ ಮಾತು. ಕೆಲವು ಹೆಡ್‌ಗಳನ್ನು ಫೇಸಿಂಗ್ ಮಾಡಲೇಬಾರದು ಅಂತ ಅದರಲ್ಲೇ ಬರೆದಿರುತ್ತಾರೆ. ಬ್ಲಾಕ್ ಮೇಲೂ ಅದೇ ಪಟ್ಟಿ ಇಡಿ, ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ.

ಒಂದು ವಿಷಯ ಕಳಕಳಿಯಿಂದ ಹೇಳುತ್ತೇನೆ. ಬ್ಲಾಕ್ ಮೇಲಿನ ಹಳೆ ಗ್ಯಾಸ್ಕೆಟ್ ಅಂಟು ತೆಗೆಯಲು ಡ್ರಿಲ್ಲಿಗೆ ಉಜ್ಜುವ ಡಿಸ್ಕ್ ಸಿಕ್ಕಿಸಬೇಡಿ. ಅದರ ಪುಡಿ ಆಯಿಲ್ ದಾರಿಯಲ್ಲಿ ಇಳಿದು ಬೇರಿಂಗ್ ತಿನ್ನುತ್ತದೆ, ಜೊತೆಗೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಪದರ ಪದರ ಉಕ್ಕಿನ ಗ್ಯಾಸ್ಕೆಟ್‌ಗೆ ಕನ್ನಡಿಯಂಥ ಮೇಲ್ಮೈ ಬೇಕು, ಉಗುರು ಎಳೆದರೆ ಎಲ್ಲೂ ಸಿಕ್ಕಬಾರದು. ಪ್ಲಾಸ್ಟಿಕ್ ಬ್ಲೇಡ್, ಗ್ಯಾಸ್ಕೆಟ್ ಕರಗಿಸುವ ದ್ರವ, ತಾಳ್ಮೆ, ಇಷ್ಟು ಸಾಕು. ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿರುತ್ತದೆ. ಹಾಗೇ ಬಿಗಿ ಮಾಡಿದರೆ ದ್ರವಕ್ಕೆ ಹೋಗಲು ಜಾಗ ಇಲ್ಲದೆ ಬ್ಲಾಕೇ ಸೀಳಬಹುದು, ಟಾರ್ಕ್ ಲೆಕ್ಕವೂ ತಪ್ಪುತ್ತದೆ. ಬಟ್ಟೆ ಅದ್ದಿ ತೆಗೆಯಿರಿ, ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಬೂಸ್ಟ್ ಪ್ರಿಯ:

ಎಲ್ಲ ಸರಿ, ಆದರೆ ಗ್ಯಾಸ್ಕೆಟ್ ಯಾಕೆ ಹೋಯಿತು? ಅದು ಗೊತ್ತಾಗದೆ ಹೆಡ್ ಕೂರಿಸಿದರೆ ಆರು ತಿಂಗಳಲ್ಲಿ ಮತ್ತೆ ಇಲ್ಲಿಗೇ ಬರುತ್ತೀರಿ. ಥರ್ಮೋಸ್ಟಾಟ್, ವಾಟರ್ ಪಂಪ್, ಫ್ಯಾನ್, ರೇಡಿಯೇಟರ್ ಕ್ಯಾಪ್ ಒಂದೊಂದಾಗಿ ನೋಡಿ. ಸೆಕೆಂಡ್ ಹ್ಯಾಂಡ್ ಅಂದಿರಿ, ಹಿಂದಿನ ಮಾಲೀಕರು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದ್ದರಾ ಅಂತಲೂ ಪರೀಕ್ಷೆ ಮಾಡಿಸಿ. ಬೂಸ್ಟ್ ಜಾಸ್ತಿಯಾಗಿ ಇಂಧನದ ಆಕ್ಟೇನ್ (ನಾಕ್ ತಡೆಯುವ ಗುಣ) ಕಡಿಮೆ ಇದ್ದರೆ ಇಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಸಿಲಿಂಡರ್‌ನಲ್ಲಿ ಇಂಧನ ನಿಯಂತ್ರಣ ತಪ್ಪಿ ಸಿಡಿಯುತ್ತದೆ, ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಗ್ಯಾಸ್ಕೆಟ್‌ನ ಬೆಂಕಿ ಉಂಗುರವನ್ನು (ಸಿಲಿಂಡರ್ ಬಾಯಿ ಸುತ್ತಲಿನ ಉಂಗುರ) ಹಾಳು ಮಾಡುತ್ತದೆ.

ಜೋಡಿಸುವಾಗ ಟರ್ಬೊದ ಆಯಿಲ್ ಮತ್ತು ಕೂಲಂಟ್ ಪೈಪುಗಳ ತಾಮ್ರದ ವಾಷರ್ ಹೊಸದು ಹಾಕಿ. ಆಯಿಲ್, ಫಿಲ್ಟರ್ ಬದಲಿಸಿ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಂಧನ ಪಂಪಿನ ಫ್ಯೂಸ್ ಮತ್ತು ಇಗ್ನಿಷನ್ ಕಾಯಿಲ್ ಕನೆಕ್ಟರ್‌ಗಳನ್ನು ತೆಗೆದು, ಐದೈದು ಸೆಕೆಂಡ್ ಕ್ರ್ಯಾಂಕ್ ಮಾಡಿ, ಆಯಿಲ್ ದೀಪ ಆರುವ ತನಕ. ಟರ್ಬೊ ಒಣಗಿದ ಬೇರಿಂಗ್‌ನಲ್ಲಿ ತಿರುಗಬಾರದು. ಕೂಲಂಟ್ ತುಂಬಿ ಗಾಳಿ ಪೂರ್ತಿ ತೆಗೆಯಿರಿ, ಹೀಟರ್ ಫುಲ್ ಬಿಸಿಗೆ ಇಟ್ಟು.

ಹಳೆಗಾಡಿ:

ಹೆಡ್ ಇಳಿಯಿತು! ಮೂರನೇ ಸಿಲಿಂಡರ್‌ನ ಉಂಗುರದಿಂದ ಪಕ್ಕದ ನೀರಿನ ತೂತಿನ ತನಕ ಪೆನ್ಸಿಲ್ ಗೀಟಿನಷ್ಟು ಸಣ್ಣ ಕಪ್ಪು ದಾರಿ. ಇಷ್ಟೊಂದು ತೊಂದರೆ ಕೊಟ್ಟಿದ್ದು ಅಷ್ಟೇ ಅಷ್ಟು. ಬ್ಲಾಕ್ ನೇರವಾಗಿದೆ, 0.05 ಎಲೆ ಎಲ್ಲೂ ನುಗ್ಗಲಿಲ್ಲ. ಹೆಡ್‌ನಲ್ಲಿ ಮಾತ್ರ ಎರಡು ಮತ್ತು ಮೂರರ ನಡುವೆ 0.10 ಸಲೀಸಾಗಿ ಹೋಯಿತು. ಮ್ಯಾನ್ಯುಯಲ್‌ನಲ್ಲಿ ಫೇಸಿಂಗ್‌ಗೆ ಅವಕಾಶ ಇದೆ, ಹೆಡ್‌ನ ಕನಿಷ್ಠ ಎತ್ತರವನ್ನೂ ಕೊಟ್ಟಿದ್ದಾರೆ.

ಕಾರಣವೂ ಸಿಕ್ಕಿತು. ಫ್ಯಾನ್‌ನ ಮೋಟರ್‌ಗೆ ನೇರ ಬ್ಯಾಟರಿ ಕೊಟ್ಟರೆ ತಿರುಗುತ್ತದೆ, ಕಾರಿನ ವೈರಿಂಗ್‌ನಲ್ಲಿ ತಿರುಗುತ್ತಿಲ್ಲ. ಫ್ಯಾನ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ತೆಗೆದು ನೋಡಿದರೆ ಒಂದು ಕಾಲು ಸುಟ್ಟು ಕರಗಿದೆ. ಎಷ್ಟು ದಿನದಿಂದ ಫ್ಯಾನ್ ಇಲ್ಲದೆ ಓಡಿಸುತ್ತಿದ್ದೆನೋ. ನಾಳೆ ಹೆಡ್ ಪ್ರೆಶರ್ ಟೆಸ್ಟ್‌ಗೆ ಕೊಡುತ್ತೇನೆ. ಲೇತ್ ಅಣ್ಣ, ವಾಲ್ವ್‌ಗಳನ್ನು ನಾನೇ ಬಿಚ್ಚಿ ಕೊಡಬೇಕಾ, ಹಾಗೇ ಕೊಟ್ಟರೆ ಆಗುತ್ತಾ?

ಲೇತ್ ಕೆಲಸದವ:

ಪ್ರೆಶರ್ ಟೆಸ್ಟ್‌ಗೆ ಹಾಗೇ ಕೊಡಿ. ಬಿರುಕು ಇಲ್ಲ ಅಂತಾದ ಮೇಲೆ ವಾಲ್ವ್ ಬಿಚ್ಚಿದರಾಯಿತು, ಬಿರುಕು ಇದ್ದರೆ ಆ ಶ್ರಮ ದಂಡ. ಬಿಚ್ಚುವಾಗ ಯಾವ ವಾಲ್ವ್ ಯಾವ ಜಾಗದ್ದು ಅಂತ ರಟ್ಟಿನಲ್ಲಿ ತೂತು ಮಾಡಿ ನಂಬರ್ ಬರೆದು ಸಿಕ್ಕಿಸಿಡಿ. ಸವೆಸುವವರಿಗೆ ನೇರ ಆಗುವಷ್ಟು ಮಾತ್ರ ತೆಗೆಯಿರಿ ಅಂತ ಬಾಯಿಬಿಟ್ಟು ಹೇಳಿ. ಜಾಸ್ತಿ ತೆಗೆದರೆ ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತಿಹೋಗುವ ಪ್ರಮಾಣ) ಏರುತ್ತದೆ, ಟರ್ಬೊಗೆ ಅದು ಒಳ್ಳೆಯದಲ್ಲ. ವಾಪಸ್ ಬಂದ ಮೇಲೆ ಎತ್ತರ ಅಳೆದು ಇಲ್ಲಿ ಹಾಕಿ, ನೋಡೋಣ.